ಅವರು ಅಂದರೆ ಎಷ್ಟು ಜನ

ಮಂಗಳವಾರ, ನವೆಂಬರ್ ೧೧

ದೀಪಸ್ತಂಭದ ಕೊಲೆಯ ವಿಡಿಯೊ ಆಟಕ್ಕೆ ಎರಡನೇ ಭಾಗ ಬರುತ್ತದಂತೆ. ದಿನವಿಡೀ ಅಂಗಡಿಯಲ್ಲಿ ಕನ್ನಡಕಗಳಿಗೆ ಗಾಜು ಕೂರಿಸುತ್ತಿದ್ದರೂ ತಲೆಯಲ್ಲಿ ಅದೇ ಕೊರೆತ. ಹಾಳು ಮಾಡಿಬಿಟ್ಟರೆ?

ಪತ್ತೇದಾರಿ ಆಟಗಳ ಎರಡನೇ ಭಾಗವೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸತ್ತವನು ಸತ್ತೇ ಇರಲಿಲ್ಲ, ಕೊಂದವನು ಕೊಂದೇ ಇರಲಿಲ್ಲ ಎಂದು ಶುರುಮಾಡುತ್ತವೆ. ಹಾಗಾದರೆ ನಾವು ಅಷ್ಟು ತಲೆ ಕೆಡಿಸಿಕೊಂಡು ಹುಡುಕಿದ್ದೆಲ್ಲ ದಂಡವೇ? ಬೇಕಾದರೆ ಹೊಸ ಕೊಲೆ ಮಾಡಿಸಲಿ, ಹಳೆಯ ಹೆಣವನ್ನು ಅದರ ಪಾಡಿಗೆ ಬಿಡಲಿ.

ಮೊದಲನೆಯದನ್ನು ಅಕ್ಕನ ಜೊತೆ ಆಡಿದ್ದೆ. ಆಟ ಇಂಗ್ಲಿಷಿನದು, ಅವಳು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಒಮ್ಮೆ "ಅವ್ರು ಮೆಟ್ಲು ಹತ್ತಿ ಮೇಲೆ ಹೋದ್ರು" ಎಂದಳು. ಮರ್ಯಾದೆ ಕೊಟ್ಟು ಹೇಳುತ್ತಿದ್ದಾಳೆ, ಆಟದಲ್ಲಿರುವ ಡಾಕ್ಟರೇ ಇರಬೇಕು ಎಂದುಕೊಂಡು ಕೊನೆಯವರೆಗೂ ಆ ಪಾಪದ ಮನುಷ್ಯನ ಬೆನ್ನು ಬಿಡಲಿಲ್ಲ. ಕೊಂದವರು ಗಂಡ ಹೆಂಡತಿ ಇಬ್ಬರು! ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು.

ಅವಳು ಮದುವೆಯಾಗಿ ಹೋದ ಮೇಲೆ ನಮ್ಮಿಬ್ಬರ ನಡುವೆ ಅಮ್ಮನ ಮಾತ್ರೆಗಳ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಇವತ್ತು ಸಂಜೆ ಧೈರ್ಯ ಮಾಡಿ ಫೋನ್ ಹಚ್ಚಿದೆ.

"ಎರಡನೇ ಭಾಗ ಬರ್ತಿದೆ, ನೋಡ್ದ್ಯಾ ಅಕ್ಕಾ?"

"ನೋಡ್ದೆ. ಅದು ಬಂದ ವಾರ ಅವ್ರು ನಿಮ್ಮನೇಗೆ ಬರ್ತಾರೆ."

"ಯಾರು, ಭಾವ ಒಬ್ರೇನಾ?"

"ಪಾಪ, ಅವ್ರ ಬೆನ್ನು ಬಿಡೇ! ಈ ಸಲಾನೂ ಗಂಡ ಹೆಂಡ್ತಿ ಇಬ್ರು."

ಭಾವನಿಗೆ ಆಟದ ಗಂಧಗಾಳಿ ಇಲ್ಲ. ಇರಲಿ, ಸೋಫಾ ಮೂರು ಜನಕ್ಕೆ ಸಾಕು. ಆ ಹಳೆಯ ಹೆಣವನ್ನು ಎಬ್ಬಿಸಿ ಕೂರಿಸಿದರೂ ಸರಿ, ಅಕ್ಕ ಓದಿ ಹೇಳುತ್ತಾಳೆ ಎಂದರೆ ನಾನು ಆಡಲು ಸಿದ್ಧ.