ಮುಂದಿನ ಬಸ್ಸಿಗೆ ಕೊಡಿಸುತ್ತದೆ

ಕಾಪು, ಜನವರಿ 20, ಮಂಗಳವಾರ

ಹಿರಿಯಡ್ಕದ ನರ್ಮದಾ ಟೀಚರ ಇನ್ಸುಲಿನ್ ಇವತ್ತು ಅವರ ಸ್ಟಾಪಿನಲ್ಲಿ ಇಳಿಯದೆ ಕಾರ್ಕಳಕ್ಕೆ ಹೋಯಿತು. ತಂಪಿನಲ್ಲಿಡಬೇಕಾದದ್ದು, ಅದೂ ಬಸ್ಸಿನ ಇಂಜಿನ್ ಪೆಟ್ಟಿಗೆಯ ಮೇಲೆ, ಆ ಬಿಸಿಯಲ್ಲಿ. ತಪ್ಪು ಬಸ್ಸಿನವರದ್ದಲ್ಲ. ನಾನು ಬರೆದ ಒಂದು ಸಾಲಿನದ್ದು.

ಉಡುಪಿಯ ರಾಮದಾಸರ ಮೆಡಿಕಲ್‌ನಲ್ಲಿ ಆರ್ಡರ್ ನೋಡಿಕೊಳ್ಳುವುದು ಈಗ ನಮ್ಮ ಕಂಪನಿಯ ಎಐ ಏಜೆಂಟ್. ಫೋನ್ ಮಾಡಲು, ಪಾರ್ಸೆಲ್ ಕಳಿಸಲು ಅದು ಬಳಸುವ ಟೂಲ್‌ಗಳಲ್ಲಿ ಯಾವುದು ಏನು ಮಾಡುತ್ತದೆ ಎಂದು ಅದಕ್ಕೆ ಬರೆದು ತಿಳಿಸುವುದು ನನ್ನ ಕೆಲಸ. ಬಸ್ ಪಾರ್ಸೆಲ್ ಟೂಲಿಗೆ ಬರೆದದ್ದು ಇಷ್ಟೇ: ‘ಪಾರ್ಸೆಲನ್ನು ಮುಂದಿನ ಬಸ್ಸಿಗೆ ಕೊಡಿಸುತ್ತದೆ.’ ಅದು ಅಷ್ಟೇ ಮಾಡಿತು.

ರಾಮದಾಸರು ಫೋನಿನಲ್ಲಿ ಬೈಯಲಿಲ್ಲ. “ಬಸ್ಸಿನ ಹೆಸರು ಹೇಳಿ, ಸ್ಟಾಪಿಗೆ ಬಂದು ನಿಲ್ಲಿ ಅಂತ ಮನೆಯವರಿಗೆ ಫೋನ್ ಮಾಡ್ಬೇಕಲ್ವಾ? ಅದನ್ನೂ ಬರೀಬೇಕಾ ಮಾರಾಯ್ತಿ?” ಎಂದರು. ಬೈದಿದ್ದರೆ ವಾಸಿಯಿತ್ತು.

ಬರೆಯಬೇಕಿತ್ತು. ಇಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಬೇಕಾಗಿಲ್ಲ. ಅದಕ್ಕೇ ನನಗೆ ಹೊಳೆಯಲಿಲ್ಲ. ಏಜೆಂಟ್ ಎಂದೂ ಸ್ಟಾಪಿನಲ್ಲಿ ಪಾರ್ಸೆಲಿಗೆ ಕಾದು ನಿಂತದ್ದಿಲ್ಲವಲ್ಲ.

ಕೊನೆಗೆ ರಾಮದಾಸರೇ ಸ್ಕೂಟರಿನಲ್ಲಿ ಹೋಗಿ ಹೊಸ ಬಾಟಲಿ ಕೊಟ್ಟು ಬಂದರು. ಟೀಚರ ಹಳೆಯ ಬಾಟಲಿಯಲ್ಲಿ ಒಂದೇ ಹೊತ್ತಿಗಾಗುವಷ್ಟು ಉಳಿದಿತ್ತಂತೆ.

ಸಂಜೆ ತಿದ್ದಿ ಬರೆದೆ: ಮೊದಲು ಮನೆಗೆ ಫೋನ್, ಬಸ್ಸಿನ ಹೆಸರು, ತಲುಪುವ ಹೊತ್ತು; ಆಮೇಲೆ ಪಾರ್ಸೆಲ್. ಸಮಾಧಾನವಾಗದೆ ಉಮ್ಮನಿಗೂ ಓದಿ ಹೇಳಿದೆ. ಮೀನು ಕೊಯ್ಯುತ್ತಿದ್ದ ಉಮ್ಮ ತಲೆ ಎತ್ತದೆ ಕೇಳಿದರು: “ಅವರು ಫೋನ್ ತೆಗೆಯದಿದ್ದರೆ ಎಂತ ಮಾಡುವುದು?”

ಅದನ್ನೂ ಸೇರಿಸಿದೆ.

ಇನ್ನೂ ಇಪ್ಪತ್ತೆರಡು ಟೂಲ್‌ಗಳುಂಟು. ಎಲ್ಲದಕ್ಕೂ ನಾನೇ ಬರೆದದ್ದು. ಒಂದೊಂದನ್ನೇ ತೆರೆದು ಓದುತ್ತಿದ್ದೇನೆ. ಎಲ್ಲವೂ ಸರಿಯಾಗಿಯೇ ಕಾಣುತ್ತಿವೆ. ಹೆದರಿಕೆಯಾಗುತ್ತಿರುವುದು ಅದಕ್ಕೇ.