ನನ್ನ ಅಕ್ಕನ ಕಾಯಿಲೆ, ನಿಮ್ಮ ಆಂಥ್ರಾಕ್ಸ್

ಮಾನ್ಯ ಜಿಲ್ಲಾ ನೈರ್ಮಲ್ಯಾಧಿಕಾರಿಗಳೇ,

ನನ್ನ ಅಕ್ಕ ಬುರುಲ್‌ಗೆ ಆಂಥ್ರಾಕ್ಸ್ ಇಲ್ಲ. ಇದನ್ನು ಬಲ್ಲವರು ಮೂವರು: ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಚರ್ಮದ ವೈದ್ಯೆ, ನಾನು ಮತ್ತು ತಾವು. ಆದರೂ ತಮ್ಮ ದಫ್ತರದಲ್ಲಿ ಅವಳ ಹೆಸರಿನ ಮುಂದೆ ಆ ಪದ ಹಾಗೇ ಕೂತಿದೆ. ಅದು ಅಳಿಯುವವರೆಗೆ ರಾಜಧಾನಿಯ ರಕ್ತರೋಗದ ವಾರ್ಡು ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ.

ಜ್ವರದ ಜೊತೆಗೆ ಅವಳ ಕೈಮೇಲೆ ಕೆಂಪು ಬೊಕ್ಕೆಗಳೆದ್ದು ನಡುವೆ ಕಪ್ಪಾದವು. ಹಾಲು ಕರೆಯುವ ಹೆಂಗಸು, ಕೈಮೇಲೆ ಹುಣ್ಣು. ದನದಿಂದ ಅಂಟಿದ ಆಂಥ್ರಾಕ್ಸ್ ಎನ್ನಲು ತಮಗೆ ಅಷ್ಟೇ ಸಾಕಾಯಿತು. ಅವಳನ್ನು ಅಂಟುರೋಗದ ಕೋಣೆಗೆ ಹಾಕಿದಿರಿ, ಅವಳ ಹಸುವಿಗೆ ಗುಂಡು ಹೊಡೆಸಿದಿರಿ. ಆಂಥ್ರಾಕ್ಸಿನ ಹುಣ್ಣು ನೋಯುವುದಿಲ್ಲವೆಂದು ನಮ್ಮಲ್ಲಿ ಕುರಿ ಮೇಯಿಸುವವರಿಗೂ ಗೊತ್ತು. ಅಕ್ಕ ತಮ್ಮೆದುರೇ, "ಕಂಬಳಿ ತಾಗಿದ್ರೂ ಜೀವ ಹೋಗತ್ತೆ ಸಾಹೇಬ್ರೇ" ಅಂದಳು. ತಾವು ಕಾಗದದಿಂದ ತಲೆಯೆತ್ತದೆ, "ಆಂಥ್ರಾಕ್ಸ್ ನೋಯಲ್ಲಮ್ಮ, ಸುಮ್ನೆ ನಾಟಕ ಆಡ್ಬೇಡಿ" ಅಂದಿರಿ. ಇಪ್ಪತ್ತೇಳು ವರ್ಷ ಬಾಯಿಲ್ಲದ ರೋಗಿಗಳನ್ನೇ ನೋಡಿದ ದನದ ಡಾಕ್ಟರು ನಾನು. ಬಾಯಿದ್ದ ರೋಗಿಗೆ ಹೀಗೆ ಉತ್ತರಿಸುವ ವಿದ್ಯೆ ನನಗೆ ಬರಲಿಲ್ಲ.

ಬಿಳಿ ರಕ್ತಕಣಗಳು ಚರ್ಮಕ್ಕೆ ನುಗ್ಗಿ ಉರಿಯೂತ ಎಬ್ಬಿಸುವ ಅಪರೂಪದ ಕಾಯಿಲೆಯಿದು, ಯಾರಿಗೂ ಅಂಟದು ಎಂದರು ಆ ವೈದ್ಯೆ. "ಚರ್ಮ ಬರೀ ಚಾಡಿ ಹೇಳ್ತಿದೆ, ಕಳ್ಳ ಇರೋದು ರಕ್ತದಲ್ಲಿ. ಮೂಳೆಮಜ್ಜೆ ಪರೀಕ್ಷೆ ಬೇಗ ಆಗ್ಬೇಕು" ಎಂದೂ ಹೇಳಿದರು. ಮೊದಲ ದಿನದ ರಕ್ತದ ವರದಿಯಲ್ಲೇ ಬಿಳಿಕಣಗಳು ಮಿತಿಮೀರಿದ್ದವು. ಆ ವರದಿ ತಮ್ಮ ಕಡತದಲ್ಲಿದೆ. ಅದರ ಮೇಲೆ ಯಾರದೋ ಚಹಾ ಬಟ್ಟಲಿನ ಗುರುತೂ ಇದೆ.

ತಪ್ಪು ತಿದ್ದಿ ಎಂದು ಬೇಡಿದಾಗ ತಾವು, "ಹಸು ಕೊಂದಾಯ್ತಲ್ಲ ಹಿರಿಯರೇ. ಈಗ ಅಲ್ಲ ಅಂದ್ರೆ ಮೇಲಿನವ್ರಿಗೆ ನಾನೇನು ಹೇಳ್ಲಿ?" ಅಂದಿರಿ. ಸತ್ತ ಹಸುವಿನ ಮಾನ ಉಳಿಸಲು ಬದುಕಿರುವ ಹೆಂಗಸು ಸಾಯಬೇಕೇ?

ಹಸುವಿನ ಮಾತು ಬಂತು, ಹೇಳಿಬಿಡುತ್ತೇನೆ. ಅದನ್ನು ತಮ್ಮವರು ಸುಟ್ಟು ಹೂಳಬೇಕಿತ್ತು. ಗುಂಡಿ ಮುಚ್ಚುವ ಮೊದಲು ಇಣುಕಿದೆ, ಹಳೆಯ ಚಾಳಿ. ಹಿಂಗಾಲುಗಳೆರಡೂ ಇರಲಿಲ್ಲ. ಆ ಶನಿವಾರ ತಮ್ಮ ಮಗನ ಮದುವೆ. ತಮ್ಮ ಚಾಲಕ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ, "ಎಂಥಾ ಎಳೇ ಮಾಂಸ ಗೊತ್ತಾ? ದೊಡ್ಡ ತುಂಡು ಸಾಹೇಬ್ರ ತಟ್ಟೆಗೇ ಹೋಯ್ತು" ಅಂದ.

ತಿಂಗಳು ಕಳೆಯಿತು. ತಾವು ಗುಂಡುಕಲ್ಲಿನ ಹಾಗಿದ್ದೀರಿ. ಅಕ್ಕ ಎದ್ದು ಕೂರಲಾರಳು, ನನಗೆ ಭಯವಾಗಿದೆ.

ಸೋಮವಾರದೊಳಗೆ ಎರಡರಲ್ಲೊಂದು ಮಾಡಿ. ಆ ಪದ ಹೊಡೆದುಹಾಕಿ ಸಹಿ ಮಾಡಿ. ಇಲ್ಲವೇ ಆಂಥ್ರಾಕ್ಸ್ ಹಸುವಿನ ತೊಡೆ ತಿಂದವರೆಂದು ತಮ್ಮ ಹೆಸರನ್ನೂ ಮದುಮಕ್ಕಳ ಹೆಸರನ್ನೂ ಅದೇ ಪಟ್ಟಿಗೆ ಸೇರಿಸಿ, ಅಕ್ಕನ ಪಕ್ಕದ ಮಂಚದಲ್ಲಿ ಬಂದು ಮಲಗಿ.

ಇಂತಿ,
ಹಸುವನ್ನು ಉಳಿಸಿಕೊಳ್ಳಲಾಗದ ದನದ ಡಾಕ್ಟರು,
ತುರ್ದಾಕುನ್, ಕೋಕ್-ತಾಲಾ