ಕೆಂಚ ಹೇಳಿದ ಪುಸ್ತಕಗಳು

ಅರಸೀಕೆರೆ
೧೪-೯-೨೦೨೫, ಭಾನುವಾರ

ಮುದ್ದು ಸಿಂಧುಗೆ ಅಜ್ಜಿಯ ತುಂಬು ಆಶೀರ್ವಾದ.

ಹೇಗಿದ್ದೀಯೇ ಮಗಳೇ? ನೆಗಡಿ ಬಿಟ್ಟಿತೇ? ಮೆಣಸಿನ ಕಷಾಯ ಕೊಟ್ಟರೆ ಯಾರಿಗೂ ಕಾಣದ ಹಾಗೆ ದಾಸವಾಳದ ಬುಡಕ್ಕೆ ಸುರಿಯುವವಳು ನೀನು. ಬೇಲೂರಿನ ಅಜ್ಜಿಗೆ ಇದಿನ್ನೂ ಗೊತ್ತಾಗಿರಲಿಕ್ಕಿಲ್ಲ, ನಾನಂತೂ ಹೇಳುವುದಿಲ್ಲ. ತಲೆ ಒದ್ದೆ ಇರುವಾಗ ಜಡೆ ಹಾಕಿಸಿಕೊಳ್ಳಬೇಡ. ಇಲ್ಲಿ ನನ್ನ ಕಾಲುನೋವು ಇದ್ದ ಹಾಗೇ ಇದೆ. ನಿನ್ನ ತಾತ ದಿನಾ ಕೊಬ್ಬರಿ ಮಂಡಿಗೆ ಹೋಗುತ್ತಾರೆ, ಬರುತ್ತಾರೆ, ಊಟ ರುಚಿಯಿಲ್ಲ ಎನ್ನುತ್ತಾರೆ, ಎರಡು ಸಲ ಬಡಿಸಿಕೊಳ್ಳುತ್ತಾರೆ. ಫೋನು ಮಾಡಿದರೆ ನೀನು ಬಂದು ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ.

ಬೇಲೂರು ಬಸ್ಸಿನ ಕಂಡಕ್ಟರ್ ತಮ್ಮಯ್ಯ ಬುಧವಾರ ಚೀಲ ತಂದುಕೊಟ್ಟ. "ಮಗ ಚೀಲ ಕೊಟ್ಟು ಒಳೀಕೆ ಹೋಗ್ಬುಡ್ತು ಕಣ್ರಮ್ಮ" ಎಂದ. ಬಿಚ್ಚಿ ನೋಡಿದರೆ ಇಲ್ಲಿಂದ ಕಳಿಸಿದ್ದ ಚಿತ್ರದ ಪುಸ್ತಕಗಳೆಲ್ಲ ವಾಪಸು ಬಂದಿದ್ದವು. ಮೇಲುಗಡೆ ಒಂದು ಚೀಟಿ. "ಈ ಪುಸ್ತಕವು ಮಕ್ಕಳ ಜ್ಞಾನವೃದ್ಧಿಗೆ ಬಹಳ ಉಪಯುಕ್ತ. ಉತ್ತಮ ದರ್ಜೆ. ಇಂತಿ, ಕೆಂಚ." ಅದರ ಕೆಳಗೆ ನಿನ್ನ ಅಕ್ಷರ: "ಇದು ಕೆಂಚ ಹೇಳಿದ್ದಲ್ಲ. ನನಗೆ ಇನ್ನು ಪುಸ್ತಕ ಬೇಡ. ದಸರಾ ರಜಕ್ಕೂ ಬರಲ್ಲ."

ಓದಿ ನನಗೆ ನಗು ಬಂತು, ಆಮೇಲೆ ಇನ್ನೊಂದು ಸಲ ಓದಿದೆ. ಬರೆದದ್ದು ಯಾರು ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಆಯುಷ್ಯವೆಲ್ಲ ಕೊಬ್ಬರಿ ಆರಿಸಿ ದರ್ಜೆ ಹಾಕಿದ ಮನುಷ್ಯ, ನಾಯಿಯ ಬಾಯಲ್ಲೂ ಅದನ್ನೇ ಹೇಳಿಸಿದರು. ನಮ್ಮ ಕೆಂಚ ಯಾವತ್ತಾದರೂ ಯಾರ ಜ್ಞಾನದ ಚಿಂತೆ ಮಾಡಿದ್ದಾನೆಯೇ? ಆದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಬೇಲೂರಿನಲ್ಲಿ ನೀನು ತಾವು ಕೊಂಡು ಕಳಿಸಿದ ಹೊಸ ಪುಸ್ತಕ ಬಿಚ್ಚಿದರೆ ಒಳಗೆ ಚೀಟಿ ಇಲ್ಲದೆ ಮಗುವಿಗೆ ಬೇಜಾರಾಗುತ್ತದೆ ಎಂದು ಕನ್ನಡಕ ಹಾಕಿಕೊಂಡು, ಪೆನ್ನು ಕಚ್ಚಿಕೊಂಡು, ಒಂದು ಮಧ್ಯಾಹ್ನವೆಲ್ಲ ಕೂತು ಬರೆದದ್ದು ಅದು.

ನಿಮ್ಮಮ್ಮನಿಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು. ಭಾನುವಾರ ಬೀದಿಯ ಮಕ್ಕಳೆಲ್ಲ ನಮ್ಮ ಜಗಲಿಗೆ ಓದಲು ಬರುವ ಮೊದಲು ಅವಳು ಹೊಸ ಪುಸ್ತಕ ಹಿಡಿದು ಕೆಂಚನ ಪಕ್ಕದಲ್ಲಿ ಬೋರಲಾಗಿ ಮಲಗುತ್ತಿದ್ದಳು. ಒಂದೊಂದೇ ಪುಟ ತಿರುವಿ ಅವನ ಕಿವಿ ನೋಡುವಳು. "ಏನೇ ಮೇಘಶ್ರೀ, ಇಸ್ಕೂಲ್ ಮೇಷ್ಟ್ರಾದೋಳು ನಾಯಿ ಪಕ್ಕ ಬಿದ್ಕೊಂಡಿದ್ದೀಯಲ್ಲೇ" ಎಂದು ಬೈದರೆ, "ಅವನಿಗೆ ಕಾಣೋ ಎತ್ತರದಿಂದ ನೋಡ್ಬೇಕು ಕಣಮ್ಮ, ಇಲ್ಲಾಂದ್ರೆ ಸುಳ್ಳಾಗುತ್ತೆ" ಎನ್ನುತ್ತಿದ್ದಳು. ಆಮೇಲೆ ಕೆಂಚ ಹೇಳಿದ ಹಾಗೆ ಚೀಟಿ ಬರೆದು ಪುಸ್ತಕದೊಳಗೆ ಇಡುವಳು. ಹುಡುಗಿ ಮಂಚವನ್ನು ದೋಣಿ ಮಾಡಿಕೊಂಡು ಸಮುದ್ರಕ್ಕೆ ಹೋಗುವ ಪುಸ್ತಕ ಇದೆಯಲ್ಲ, ಅದರ ಚೀಟಿ ನನಗೆ ಬಾಯಿಪಾಠ: "ಮಂಚದ ಕೆಳಗೆ ಮಲಗಿದ್ದವರ ಗತಿ ಏನಾಯಿತು ಎಂದು ಯಾರೂ ಕೇಳಿಲ್ಲ. ಆದರೂ ಓದಬಹುದು." ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ಬರೆದು ಕಾಡಿಗೆ ಹೋಗುವ ಹುಡುಗನ ಪುಸ್ತಕಕ್ಕೆ: "ಹೋಗುವಾಗ ಬಾಗಿಲು ಮುಚ್ಚಿಲ್ಲ. ಒಳ್ಳೆಯ ಹುಡುಗ." ಮೋಡಗಳೆಲ್ಲ ಪ್ರಾಣಿಗಳಾಗುವ ಪುಸ್ತಕಕ್ಕೆ: "ಬೆಕ್ಕಿನ ಪುಟ ಬಂದಾಗ ನನ್ನನ್ನು ಎಬ್ಬಿಸಬೇಡಿ." ಚೀಟಿ ಓದಿ ಮಕ್ಕಳು ಪುಸ್ತಕಕ್ಕೆ ಕಿತ್ತಾಡುತ್ತಿದ್ದವು. ನೀನಂತೂ ಕೆಂಚನ ಹತ್ತಿರ ಹೋಗಿ, ಹೌದೇನೋ ಎಂದು ಕೇಳಿ ಬಂದೇ ಓದುತ್ತಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಬಂದ ಜ್ವರ ಅವಳಿಗೆ ಇಳಿಯಲೇ ಇಲ್ಲ. ನಿಮ್ಮಪ್ಪ ಬೇಲೂರಿಗೆ ವರ್ಗ ಮಾಡಿಸಿಕೊಂಡು ನಿನ್ನನ್ನು ಕರೆದುಕೊಂಡು ಹೋದರು. ಅವರದ್ದೂ ತಪ್ಪಲ್ಲ, ಈ ಮನೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತು. ಕೆಂಚ ತೋಟಕ್ಕೆ ಹೋಗಿ ಅಮ್ಮನ ಸಮಾಧಿಯ ಹತ್ತಿರ ಕೂತಿರುತ್ತಾನೆ ಎಂದು ಎದುರುಮನೆ ಗುರುಸಿದ್ದಮ್ಮ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ಸುಳ್ಳು. ಅವನು ಆ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಭಾನುವಾರ ಬಂದರೆ ಮಾತ್ರ, ಅದು ಹೇಗೆ ತಿಳಿಯುತ್ತದೋ ಕಾಣೆ, ಜಗಲಿಯ ಚಾಪೆ ಮೇಲೆ ಬಂದು ಕೂರುತ್ತಾನೆ. ಮಕ್ಕಳು ಬರುವುದನ್ನು ಬಿಟ್ಟಿದ್ದಾರೆ. ಪಾಪ, ಕಾಯುತ್ತಿದೆ ಎಂದು ತಾತ ಒಂದು ದಿನ ಪೇಪರಿನಲ್ಲಿದ್ದ ಕೊಬ್ಬರಿ ಧಾರಣೆ ಜೋರಾಗಿ ಓದಿ ಹೇಳಿದರು. ಅವನು ಎದ್ದು, ಹೊಸ್ತಿಲು ಎಡವಿಕೊಂಡು ಒಳಗೆ ಹೋದ.

ನೀನು ಕಳಿಸಿದ ಚೀಟಿ ನೋಡಿದ ಮೇಲೆ ನಾನೂ ಒಂದು ಕೈ ನೋಡೋಣ ಎಂದುಕೊಂಡೆ. ನಿಮ್ಮಮ್ಮನ ಹಾಗೆಯೇ ಕೆಂಚನ ಪಕ್ಕ ನೆಲಕ್ಕೆ ಮಲಗಿದೆ. ಅಲ್ಲಿಂದ ನನಗೆ ಕಂಡದ್ದು ಬೆಂಚಿನ ಕೆಳಗಿನ ದೂಳು ಮತ್ತು ನಿನ್ನ ತಾತನ ಪಾದ. ಏಳಲಾಗದೆ ಅವರನ್ನೇ ಕೂಗಿದೆ. ಎಬ್ಬಿಸಿ ಕೂರಿಸಿದವರು "ಏನಾದ್ರೂ ಹೇಳಿದ್ನಾ?" ಎಂದು ಕೇಳಿದರು. ಇಲ್ಲ ಎಂದೆ. ಇಬ್ಬರೂ ಅಲ್ಲೇ ಕೂತು ಅತ್ತುಬಿಟ್ಟೆವು. ಅವಳು ಹೋದಾಗ ಜನರ ಮಧ್ಯೆ ಅತ್ತದ್ದು ಬೇರೆ, ಇದು ಬೇರೆ.

ಇನ್ನೊಂದು ಮಾತು. ಚೀಲದಲ್ಲಿ ಪುಸ್ತಕ ಎಲ್ಲ ಬಂದಿವೆ, ಆದರೆ ತಾತನದೊಂದು ಬಿಟ್ಟು ಯಾವ ಚೀಟಿಯೂ ಬಂದಿಲ್ಲ. ಅಮ್ಮ ಬರೆದದ್ದನ್ನೆಲ್ಲ ನೀನು ತೆಗೆದಿಟ್ಟುಕೊಂಡಿದ್ದೀಯ. ಇಟ್ಟುಕೋ ಮಗಳೇ, ಅವು ನಿನ್ನವೇ. ವಾಪಸು ಕೊಡು ಎಂದು ಯಾರೂ ಕೇಳುವುದಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಕೆಂಚನ ಹೆಸರಿನಲ್ಲಿ ಯಾರೂ ಬರೆಯುವುದೂ ಇಲ್ಲ. ನಿನಗೆ ಇಲ್ಲಿಗೆ ಬರಲು ಭಯವೇನೋ, ಬಂದರೆ ಅಮ್ಮ ಇಲ್ಲ ಎನ್ನುವುದು ನಿಜವಾಗಿಬಿಡುತ್ತದೆ ಎಂದು. ನನಗೂ ದಿನಾ ಬೆಳಿಗ್ಗೆ ಜಗಲಿ ಬಾಗಿಲು ತೆಗೆಯುವಾಗ ಹಾಗೇ ಆಗುತ್ತದೆ.

ನಿಮ್ಮಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳು. ಬೇಲೂರಿನ ಅಜ್ಜಿಗೆ ನನ್ನ ಶರಣು. ಶಿವ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅಜ್ಜಿ
ರುದ್ರಮ್ಮ

ವಿ.ಸೂ.: ತಮ್ಮಯ್ಯ ಕಾಫಿ ಕುಡಿದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ. ಹೇಳಬೇಕಾದ್ದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕೆಂಚನಿಗೆ ಎರಡೂ ಕಣ್ಣು ಹೋಗಿವೆ. ಎಡವುವುದು ವಯಸ್ಸಿಗೆ ಎಂದುಕೊಂಡಿದ್ದೆವು, ಪಶು ಡಾಕ್ಟರು ನೋಡಿ ಇನ್ನು ಬರುವುದಿಲ್ಲ ಎಂದರು. ನಿನ್ನ ಚೀಲಕ್ಕೆ ಮೂತಿ ತೂರಿಸಿ, ಒಂದೊಂದನ್ನೂ ಮೂಸಿ, ದೋಣಿ ಮಂಚದ ಪುಸ್ತಕವನ್ನೇ ಎಳೆದುಕೊಂಡು ಅದರ ಮೇಲೆ ಗದ್ದ ಇಟ್ಟು ಮಲಗಿದ್ದಾನೆ. ಅದನ್ನು ನೀನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ ಎಂದು ನಿಮ್ಮಪ್ಪ ಹೇಳಿದರು. ಚಿತ್ರದಲ್ಲಿ ಏನಿದೆ ಎಂದು ಇನ್ನು ಯಾರಾದರೂ ಅವನ ಪಕ್ಕ ಮಲಗಿ ಹೇಳಬೇಕು. ನನಗೆ ಬಗ್ಗಲು ಆಗುವುದಿಲ್ಲ, ತಾತನಿಗೆ ಹೇಳಲು ಬರುವುದಿಲ್ಲ. ನೀನು ಬಾ.